ಮಗ್ಗ ನಿಲ್ಲಿಸಿ, ನನ್ನ ಅಕ್ಕ ಕೆಲಸಕ್ಕೆ ಹೊರಟಿದ್ದಾಳೆ

ಹಳೆಯ ಗಿರಣಿಗೆ ಹೊಸದಾಗಿ ಬಂದ ಕಲಾಕೇಂದ್ರದ ನಿರ್ದೇಶಕರೇ,

ನೀವು ನನ್ನ ಅಕ್ಕನನ್ನು ಪ್ರದರ್ಶನಕ್ಕಿಟ್ಟಿದ್ದೀರಿ. ಮೊದಲು ನಮ್ಮನ್ನು ಕೇಳಲಿಲ್ಲ. ಆಮೇಲೆ ಕೇಳಿದಿರಿ, ಬೇಡ ಎಂದೆವು. ಆದರೂ ಉದ್ಘಾಟನೆಯ ದಿನ ತೆಗೆದ ಅವಳ ಚಿತ್ರ ನಿಮ್ಮ ಹೆಬ್ಬಾಗಿಲಲ್ಲಿ ಆಳೆತ್ತರಕ್ಕೆ ತೂಗುತ್ತಿದೆ, ಕೆಳಗೆ ‘ಶ್ರಮದ ಸ್ಮೃತಿ’ ಎಂಬ ಬರಹ. ಶ್ರಮ ಅವಳದು, ಸ್ಮೃತಿ ನಿಮ್ಮದು. ಎಂಥ ನ್ಯಾಯವಾದ ಹಂಚಿಕೆ!

ಕಲೆಯ ಮೇಲೆ ನನಗೆ ಹಗೆಯಿಲ್ಲ. ಗಿರಣಿ ಮುಚ್ಚಿದ ಮೇಲೆ ಅಲ್ಲಿ ಬಾವಲಿಗಳೂ ಕುಡುಕರೂ ಸಂಸಾರ ಹೂಡಿದ್ದರು. ನೀವು ಬಂದು ಸೋರುವ ಮಾಡು ಸರಿ ಮಾಡಿಸಿದಿರಿ, ಒಡೆದ ಕಿಟಕಿಗಳಿಗೆ ಗಾಜು ಹಾಕಿಸಿದಿರಿ. ಗೋಡೆಯ ಗಾರೆ ಕೆರೆಸಿ ಇಟ್ಟಿಗೆ ಕಾಣುವಂತೆ ಮಾಡಿದಿರಿ. ನಮ್ಮ ಕಾಲದಲ್ಲಿ ಗೋಡೆಯ ಇಟ್ಟಿಗೆ ಕಂಡರೆ ಬಡತನ ಎನ್ನುತ್ತಿದ್ದೆವು, ಈಗ ಅದು ಅಭಿರುಚಿಯಂತೆ. ಆಗಲಿ. ಅಕ್ಕನ ಮಗ್ಗವಿದ್ದ ಜಾಗದಲ್ಲಿ ತುಕ್ಕು ಹಿಡಿದ ಕುರ್ಚಿಯೊಂದನ್ನು ತಲೆಕೆಳಗಾಗಿ ನೇತುಹಾಕಿದಿರಿ. ಅದಕ್ಕೂ ನಾನು ತುಟಿ ಬಿಚ್ಚಲಿಲ್ಲ. ಕುರ್ಚಿಗೇನು ನೋವಾಗುತ್ತದೆಯೇ?

ಆದರೆ ಆ ಸದ್ದು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಸದ್ದನ್ನು ಎಲ್ಲಿಂದಲೋ ಹುಡುಕಿ ತಂದು, ನೆಲದಡಿ ದೊಡ್ಡ ಸ್ಪೀಕರುಗಳನ್ನು ಹೂಳಿಸಿ, ಬಂದವರ ಅಂಗಾಲು ನಡುಗುವಂತೆ ಮಾಡಿದ್ದೀರಿ. ಜನ ಬಂದು ಕಣ್ಣು ಮುಚ್ಚಿ ನಿಂತು ಅನುಭವಿಸುತ್ತಾರಂತೆ. ಕಿವುಡರ ಮುಂದೆ ಕಿನ್ನರಿ ಬಾರಿಸಬಾರದು ಎಂಬುದು ಹಳೆಯ ಮಾತು; ಕಿವುಡು ಮಾಡಿದ ಯಂತ್ರವನ್ನೇ ಕಿನ್ನರಿ ಎಂದು ಬಾರಿಸಿದವರು ನೀವೇ ಮೊದಲಿಗರು. ಕಾರ್ಮಿಕರ ಸಾಲುಮನೆಗಳಿಗೂ ಮಗ್ಗಗಳಿದ್ದ ಆ ಶೆಡ್ಡಿಗೂ ಇರುವುದು ಒಂದೇ ಗೋಡೆ, ನಮ್ಮದು ಅದಕ್ಕೆ ಅಂಟಿಕೊಂಡ ಮನೆ. ಅಕ್ಕ ಲಂಗ ಉಡುವ ವಯಸ್ಸಿನಿಂದ ಗಿರಣಿ ಮುಚ್ಚುವವರೆಗೆ ಆ ಶೆಡ್ಡಿನಲ್ಲಿ ನೇಯ್ದಳು. ಅವಳ ಕಿವಿ ಅಲ್ಲೇ ಹೋಯಿತು. ನಾನು ಬಟ್ಟೆ ಮಡಿಸುವ ವಿಭಾಗದಲ್ಲಿದ್ದೆ, ಹಾಗಾಗಿ ನನ್ನ ಕಿವಿ ಉಳಿಯಿತು. ನಾಲಿಗೆಯೂ ಉಳಿದಿದೆ, ನಿಮ್ಮ ಗಮನಕ್ಕೆ ಬಂದಿರಬೇಕು.

ಆ ಶೆಡ್ಡಿನಲ್ಲಿ ಕೂಗಿದರೆ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಎಲ್ಲ ಮಾತೂ ತುಟಿ ನೋಡಿ, ಕೈಸನ್ನೆ ನೋಡಿ. ಸೇರಿದ ದಿನವೇ ಕಲಿಯಬೇಕಾಗಿದ್ದ ಸನ್ನೆ ಒಂದಿತ್ತು: ಎರಡೂ ಕೈ ತಲೆಯ ಮೇಲೆತ್ತಿ ತಟ್ಟಿದರೆ, ಯಾರದೋ ಕೈ ಯಂತ್ರಕ್ಕೆ ಸಿಕ್ಕಿದೆ ಎಂದರ್ಥ. ಕಂಡವರು ಹಾಗೆಯೇ ತಟ್ಟಬೇಕು, ಅವರನ್ನು ಕಂಡವರು ತಟ್ಟಬೇಕು, ಮಗ್ಗಗಳೆಲ್ಲ ನಿಲ್ಲಬೇಕು. ಅಲ್ಲಿ ಸಂತೋಷಕ್ಕೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮದುವೆ ಗೊತ್ತಾದ ಹುಡುಗಿಗೂ ಬೆನ್ನು ತಟ್ಟುತ್ತಿದ್ದರು, ಅಷ್ಟೇ.

ಇನ್ನು ನಿಮ್ಮ ಉದ್ಘಾಟನೆಯ ದಿನ. ಅಕ್ಕನಿಗೆ ಈಚೆಗೆ ಇವತ್ತು ನಿನ್ನೆಗಳ ಲೆಕ್ಕ ತಪ್ಪುತ್ತಿದೆ. ನಿಮ್ಮ ಸದ್ದು ಶುರುವಾಗಿ ಮಂಚ ನಡುಗಿದ್ದೇ ತಡ, ಪಾಳಿಗೆ ಹೊತ್ತಾಯಿತು ಎಂದು ಎದ್ದಿದ್ದಾಳೆ. ಕೂದಲು ಯಂತ್ರಕ್ಕೆ ಸಿಗದಂತೆ ಬಟ್ಟೆ ಬಿಗಿದು ಕಟ್ಟಿಕೊಂಡು ಹೋಗಿದ್ದಾಳೆ. ನಾನು ಒಲೆಯ ಮುಂದಿದ್ದವಳು ಅವಳನ್ನು ಹುಡುಕಿಕೊಂಡು ಬರುವಷ್ಟರಲ್ಲಿ ನಿಮ್ಮ ನೇತಾಡುವ ಕುರ್ಚಿಯ ಕೆಳಗೆ ನಿಂತು, ಇಲ್ಲದ ಮಗ್ಗದಲ್ಲಿ ಕಡಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದಳು. ಸುತ್ತ ಅತಿಥಿಗಳ ಗುಂಪು. ಆಗ ಕಪ್ಪು ಕೋಟಿನ ತಾವು, ಎರಡೂ ಕೈ ತಲೆಯ ಮೇಲೆತ್ತಿ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಿರಿ. ಸಭೆಯೆಲ್ಲ ತಟ್ಟಿತು. ತಾವು ಫೋನು ಬಂತೆಂದು ಹೊರಗೆ ನಡೆದಿರಿ.

ಅಲ್ಲಿಂದ ಮುಂದಿನದನ್ನು ನಾನು ನೋಡಿದೆ, ನೀವು ನೋಡಲಿಲ್ಲ. ನನ್ನ ಅಕ್ಕ ಒಬ್ಬೊಬ್ಬರ ಮುಂಗೈ ಹಿಡಿದು ತಿರುಗಿಸಿ ಬೆರಳು ನೋಡುತ್ತಿದ್ದಳು. “ಯಾರದು? ಯಾರ ಕೈ ಹೋಯ್ತು? ನಿಲ್ಸ್ರೋ ಮಗ್ಗ!” ಎಂದು ಅರಚುತ್ತಿದ್ದಳು. ಅವರು ನಕ್ಕರು, ಇನ್ನೂ ಜೋರಾಗಿ ತಟ್ಟಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ, “ಎಷ್ಟು ನೈಜವಾಗಿ ಮಾಡ್ತಾರಲ್ವಾ” ಎಂದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದರೆ ಬೆಕ್ಕಿಗೆ ಅವಮಾನವಾದೀತು. ಬೆಕ್ಕು ಹಸಿವಿಗಾದರೂ ಹಿಡಿಯುತ್ತದೆ. ನಾನು ಅವಳನ್ನು ಸೊಂಟ ಹಿಡಿದು ಎಳೆದುಕೊಂಡು ಬಂದೆ. ಅದಕ್ಕೂ ತಟ್ಟಿದರು.

ಮರುದಿನ ಹೂಗುಚ್ಛ ಹಿಡಿದು ಮನೆಗೆ ಬಂದಿರಿ. ಅಕ್ಕ ಒಳಗೆ ಮಲಗಿದ್ದಳು. ನೋಡುತ್ತೀರಾ ಎಂದೆ, ನಿಮಗೆ ಹೊತ್ತಿರಲಿಲ್ಲ.

“ಪ್ರತಿ ಶನಿವಾರ ಬಂದ್ರೆ ಸಾಕಮ್ಮ,” ಎಂದಿರಿ. “ಅವರೇನೂ ಮಾಡ್ಬೇಕಾಗಿಲ್ಲ. ಮೊನ್ನೆ ಹೇಗಿದ್ರೋ ಹಾಗೇ ಇದ್ರಾಯ್ತು.”

“ನಿನ್ನೆ ಸಾರ್, ಮೊನ್ನೆ ಅಲ್ಲ. ಅವಳು ಬರಲ್ಲ. ಮೊದಲು ಆ ಸದ್ದು ನಿಲ್ಸಿ, ಅವಳಿಗೆ ತಡ್ಕೊಳಕ್ಕಾಗ್ತಿಲ್ಲ.”

“ಅವರಿಗೆ ಕಿವಿ ಕೇಳ್ಸೋದೇ ಇಲ್ವಲ್ಲ, ಇನ್ನೇನು ತೊಂದ್ರೆ?”

ಈ ಮಾತು ನಿಮ್ಮದೇ. ಇಟ್ಟಿಗೆಯ ಮೇಲೆ ಕೆತ್ತಿಸಿ ಬಾಗಿಲಲ್ಲಿ ಹಾಕಿಕೊಳ್ಳಿ. ನಿಮ್ಮ ಸಂಸ್ಥೆಯ ಧ್ಯೇಯವಾಕ್ಯಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ತೊಂದರೆ ಏನೆಂದು ಕೇಳಿದಿರಲ್ಲ, ಹೇಳುತ್ತೇನೆ. ನೀವು ಸದ್ದು ಹಾಕಿದಾಗಲೆಲ್ಲ ನಾನು ಅಗುಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಹೆತ್ತ ತಾಯಿಯಂತೆ ನನ್ನನ್ನು ಸಾಕಿದವಳು, “ಬಿಡೇ, ಗೇಟು ಹಾಕ್ಬಿಡ್ತಾರೆ” ಎಂದು ನನ್ನ ತೋಳು ಚಿವುಟುತ್ತಾಳೆ. ಸದ್ದು ನಿಂತ ಮೇಲೆ ತಟ್ಟೆಯ ಮುಂದೆ ಕೂತು ಒಂದೇ ಪ್ರಶ್ನೆ.

“ಆ ಕಪ್ಪು ಕೋಟಿನ ಹುಡುಗ ಮೊದಲು ಕೈಯೆತ್ತಿ, ಆಮೇಲೆ ಕಾಣ್ಲೇ ಇಲ್ವಲ್ಲೇ. ಅವನದೇ ಬೆರಳು ಹೋಯ್ತೇನೋ ಪಾಪ.”

“ಅವನಿಗೇನೂ ಆಗಿಲ್ಲ ಕಣಕ್ಕ,” ಎಂದು ತುಟಿ ಕಾಣುವಂತೆ ಬಿಡಿಸಿ ಹೇಳುತ್ತೇನೆ.

“ನೀನು ಬಟ್ಟೆ ಮಡಿಸೋಳು, ನಿಂಗೇನು ಗೊತ್ತು?”

ತುತ್ತು ಹಾಗೇ ಉಳಿಯುತ್ತದೆ. ಕೆನ್ನೆ ಒಳಗೆ ಹೋಗಿದೆ. ಹೀಗೇ ಆದರೆ ಅವಳು ಬಹಳ ಕಾಲ ಬದುಕುವುದಿಲ್ಲ, ನನಗೆ ಭಯವಾಗಿದೆ.

ಆದ್ದರಿಂದ ಆ ಚಿತ್ರ ಇಳಿಸಿ. ಸದ್ದು ಕಡಿಮೆ ಮಾಡುವುದಲ್ಲ, ನಿಲ್ಲಿಸಿ. ಅದು ನಿಂತರೆ ನಿಮ್ಮ ಕಲೆ ಸತ್ತೇಹೋಗುವುದಾದರೆ ಸಾಯಲಿ. ಆಮೇಲೆ ಅದೇ ಕೋಟು ತೊಟ್ಟು ನಮ್ಮ ಮನೆಗೆ ಬನ್ನಿ. ಹೂವು ಬೇಡ, ಭಾಷಣ ಬೇಡ. ಅವಳ ಮುಂದೆ ಎರಡೂ ಕೈ ಚಾಚಿ ಕೂತುಕೊಳ್ಳಿ, ಬೆರಳುಗಳನ್ನು ಅವಳು ಒಂದೊಂದಾಗಿ ಮುಟ್ಟಿ ನೋಡಲಿ. ನಿಮಗಾಗಿ ಹೀಗೆ ಊಟ ಬಿಟ್ಟು ಕೂತವರು ಲೋಕದಲ್ಲಿ ಇನ್ನೊಬ್ಬರಿರಲಾರರು. ನಾನಂತೂ ಅಲ್ಲ. ನಿಮ್ಮ ಬೆರಳು ನಿಜವಾಗಿ ಹೋಗಿದ್ದರೆ ನನಗೆ ಅವತ್ತು ಒಂದು ತುತ್ತು ಹೆಚ್ಚೇ ಸೇರುತ್ತಿತ್ತು. ಆದರೆ ಅವಳಿಗೆ ಸೇರುತ್ತಿಲ್ಲ. ಬನ್ನಿ.

ಇಂತಿ,
ತಮ್ಮ ಕಲಾಕೃತಿಯ ಒಡಹುಟ್ಟಿದ ತಂಗಿ
(ಹಿಂದೆ ಬಟ್ಟೆ ಮಡಿಸುತ್ತಿದ್ದವಳು, ಈಗ ಬಾಗಿಲು ಕಾಯುವವಳು)