ಗಂಜಿಯಾದ ಮೇಲಿನ ಓದು

ಫಾಲೆಸಿ,

ನೀನು ನಮ್ಮ ಶಾಲೆ ಬಿಟ್ಟು ದೂರದ ಕರೋಂಗಕ್ಕೆ ವರ್ಗವಾಗಿ ಹೊರಟಾಗ ನಾನು ವಿಳಾಸ ಕೇಳಲಿಲ್ಲ. ಹಾಗಾಗಿ ಈ ಪತ್ರ ನನ್ನ ಮೇಜಿನಲ್ಲೇ ಉಳಿಯುತ್ತದೆ.

ಇವತ್ತು ಸೈಕಲ್ ಚೈನು ಕಳಚಿ, ಮೂರು ವರ್ಷದಲ್ಲಿ ಮೊದಲ ಸಲ ನಾನು ಶಾಲೆಗೆ ತಡವಾಗಿ ಬಂದೆ. ದಿನಾ ಗಂಜಿ ಮುಗಿಯುತ್ತಲೇ ಪಾಠ ಶುರುಮಾಡುವವಳು ನಾನು; ಇವತ್ತು ಮಕ್ಕಳ ಗಂಜಿ ಆಗಲೇ ಮುಗಿದಿತ್ತು. ಎರಡನೇ ತರಗತಿಯ ಎಪ್ಪತ್ತು ಮಕ್ಕಳು ಗಲಾಟೆ ಎಬ್ಬಿಸಿರುತ್ತಾರೆಂದು ಬೈಯುತ್ತಲೇ ಒಳಗೆ ಹೋದೆ. ಒಂದು ಸದ್ದಿಲ್ಲ. ಎಲ್ಲರೂ ನೆಲದ ಮೇಲೆ ಕೂತು ಸಕ್ಕರೆ ಪೊಟ್ಟಣ, ಸೋಪಿನ ಹೊದಿಕೆ ಹಿಡಿದು ಓದುತ್ತಿದ್ದಾರೆ. ಮುಂದೆ ಕೂತಿದ್ದ ಹುಡುಗಿ ಎನಿಫಾಳ ಕೈಯಲ್ಲಿ ಅಂಗಡಿಯವರು ಕರಿದ ಮಂಡಾಸಿ ಸುತ್ತಿಕೊಟ್ಟ ಎಣ್ಣೆಹಿಡಿದ ಕಾಗದ.

"ಏನೇ ಇದು?" ಅಂದೆ.

"ಶ್! ಓದೋ ಹೊತ್ತು, ಮೇಡಂ. ಗಂಜಿ ಕುಡಿದ್ಮೇಲೆ ಯಾರೂ ಹೇಳ್ದೇನೇ ಓದ್ಬೇಕು. ಫಾಲೆಸಿ ಮೇಡಂ ನಮ್ಮಕ್ಕಂಗೆ ಕಲ್ಸಿದ್ರು, ಅಕ್ಕ ನಮಗೆ ಕಲ್ಸಿದ್ಲು. ನೀವೂ ಏನಾದ್ರೂ ತಗೊಂಡು ಕೂತ್ಕೊಳ್ಳಿ. ಅವರೂ ಓದ್ತಿದ್ರಂತೆ."

ಮಕ್ಕಳು ಓದಲೆಂದು ನೀನು ತರಗತಿಯಲ್ಲಿ ಹಗ್ಗಕ್ಕೆ ನೇತುಹಾಕಿದ್ದ ಪುಸ್ತಕಗಳಿಗೆ ಗಂಜಿ ಕಲೆ ಆಗುತ್ತಿದೆ ಅಂತ ಹೆಡ್‌ಮಾಸ್ಟರಿಗೆ ಹೇಳಿದವಳು ನಾನು. ಅವನ್ನಿಟ್ಟು ಬೀಗ ಹಾಕಿದ ಬೀರುವಿನ ಕೀಲಿ ಅಂದಿನಿಂದ ನನ್ನ ಹತ್ತಿರವೇ ಇದೆ.

ಇವತ್ತು ತೆಗೆದೆ. ಪುಸ್ತಕಗಳು ನಾನು ಬಯಸಿದ ಹಾಗೇ ಇದ್ದವು, ಫಾಲೆಸಿ. ಮೂರು ವರ್ಷದಲ್ಲಿ ಒಂದೇ ಒಂದು ಹೊಸ ಕಲೆಯೂ ಆಗಿಲ್ಲ.