ಮುಟ್ಟಿದರೆ ಬಿಗಿಯುವ ಹೊಟ್ಟೆ

ತೇಲೂರು
ಫೆಬ್ರವರಿ 30, 2291

ಕುಮಟೆಯ ಶಸ್ತ್ರವೈದ್ಯೆ, ನನ್ನ ಒಂಬತ್ತು ತಲೆಮಾರಿನ ಹಿಂದಿನ ಅಜ್ಜಿ ಮಂದಾಕಿನಿಯವರಿಗೆ ಶಾಲ್ಮಲಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳು ರಜೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ತೇಲೂರೆಂದರೆ ಕಾರವಾರದಾಚೆ ಕಡಲ ಮೇಲೆ ಕಟ್ಟಿಕೊಂಡ ಊರು. ಇಲ್ಲಿ ಹೊಟ್ಟೆ ಕೊಯ್ಯಲು ಬಲ್ಲವಳು ನಾನೊಬ್ಬಳೇ.

ಕೊಯ್ಯುವ ಮುನ್ನ ನಾವು ರೋಗಿಯ ಮೇಲೆ ಒಳಗನ್ನಡಿ ಹಿಡಿಯುತ್ತೇವೆ. ಅದು ಅಂಗೈಯಗಲದ ಹಾಳೆ. ಅಪೆಂಡಿಕ್ಸ್ ಊದಿದೆಯೋ ಇಲ್ಲವೋ ತಪ್ಪಿಲ್ಲದೆ ತೋರಿಸುತ್ತದೆ. ಹಾಗಾಗಿ ಎಚ್ಚರವಿರುವ ರೋಗಿಯನ್ನು ಮುಟ್ಟುವುದು ಎಂದೋ ನಿಂತುಹೋಯಿತು. ರೋಗಿಯನ್ನಷ್ಟೇ ಅಲ್ಲ, ಯಾರನ್ನೂ. ಮುಟ್ಟಿದರೆ ಹರಡುತ್ತಿದ್ದ ಹಳೆಯ ಜ್ವರಗಳು ಹೋದರೂ ಅವು ಕಲಿಸಿದ ಅಂತರ ಹೋಗಲಿಲ್ಲ. ಐದು ತುಂಬಿದ ಮಗುವನ್ನು ಹೆತ್ತವಳೂ ಮುಟ್ಟುವಂತಿಲ್ಲ. ಅದೇ ಮರ್ಯಾದೆಯೆಂದು ನಾನೂ ನಡೆದುಕೊಂಡೆ. ಆದರೆ ನಿಮ್ಮ ಕಾಲದ ಫೋಟೋಗಳಲ್ಲಿ ಜನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದು ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಸೂರ್ಯನಿಂದ ಬೀಸಿದ ಬಿರುಗಾಳಿಗೆ ಹನ್ನೊಂದು ದಿನದಿಂದ ಒಳಗನ್ನಡಿಗಳು ಕೆಟ್ಟು ಕೂತಿವೆ. ಐದನೆಯ ದಿನ ಬಲೆ ಹೆಣೆಯುವ ದೇವಿದಾಸ ಹೊಟ್ಟೆನೋವೆಂದು ಬಂದ. ನೀವು ಬರೆದಿಟ್ಟ ಪುಸ್ತಕದಲ್ಲಿದ್ದಂತೆ, ನೋವಿಲ್ಲದ ಕಡೆಯಿಂದಲೇ ಶುರುಮಾಡಿ ಒತ್ತಿ ನೋಡಿದೆ. ಹೊಟ್ಟೆಯಿಡೀ ಹಲಗೆಯಂತೆ ಗಟ್ಟಿ. ಅಪೆಂಡಿಕ್ಸ್ ಒಡೆದು ಕೀವು ಹರಡಿದೆಯೆಂದು ಕೊಯ್ದೆ. ನೋಡಿದರೆ ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು. ಎಚ್ಚರವಾದ ಮೇಲೆ ಅವನು ನಾಚಿಕೊಂಡು, "ನನ್ನ ಯಾರೂ ಮುಟ್ದೇ ಮೂವತ್ತ್ ವರ್ಷ ಆಗಿತ್ತು ಡಾಕ್ಟ್ರೇ, ಹೆದ್ರಿ ಬಿಗಿ ಹಿಡ್ಕಂಡೆ" ಎಂದ. ನಿಮ್ಮ ಪುಸ್ತಕದಲ್ಲಿ ಇದೊಂದು ಇಲ್ಲ. ಮುಟ್ಟಿದರೇ ಹೆದರುವ ಜನ ಹುಟ್ಟುತ್ತಾರೆಂದು ನಿಮಗಾದರೂ ಹೇಗೆ ಹೊಳೆಯಬೇಕು?

ಇಂದು ಬೆಳಿಗ್ಗೆ ನನ್ನ ಮಗಳು, ಹನ್ನೆರಡು ವರ್ಷದ ಇಂಚರ, ಹೊಟ್ಟೆ ಹಿಡಿದುಕೊಂಡು ಮಲಗಿದಳು. ಜ್ವರ, ಎರಡು ಸಲ ವಾಂತಿ. ನಾನು ಮುಟ್ಟಿದ್ದೇ ತಡ, ಇವಳದ್ದೂ ಹಲಗೆ. ಕೊಯ್ದರೆ ದೇವಿದಾಸನದೇ ಕಥೆಯಾದೀತು, ಕಾದರೆ ಒಳಗೇ ಒಡೆದೀತು. ಅಂಗೈ ಉಜ್ಜಿ ಬಿಸಿ ಮಾಡಿ, ಎಡಗಡೆ ಇಟ್ಟು, ಒತ್ತದೆ ಸುಮ್ಮನೆ ಕೂತೆ. ಏಳು ವರ್ಷದ ಮೇಲೆ ಮಗಳ ಮೈ ನನ್ನ ಕೈಗೆ ಸಿಕ್ಕಿತ್ತು. ವೈದ್ಯೆಯಾಗಿ ಕೂತವಳು ನಾಡಿ ಎಣಿಸುವುದನ್ನೇ ಮರೆತೆ. ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆಯೆಲ್ಲ ಮೆತ್ತಗಾಯಿತು, ಬಲಗಡೆಯ ಕೆಳಮೂಲೆಯೊಂದನ್ನು ಬಿಟ್ಟು. ಅಲ್ಲಿ ಒತ್ತಿ ಬಿಟ್ಟರೆ ಚೀರುತ್ತಾಳೆ. ಇನ್ನು ಅನುಮಾನವಿಲ್ಲ, ಅಪೆಂಡಿಕ್ಸೇ.

ಆಪರೇಷನ್ನಿಗೆ ಅಣಿಯಾಗುತ್ತಿದೆ. ಅಷ್ಟರಲ್ಲಿ ಇದನ್ನು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಅವಳ ಹೊಟ್ಟೆಯ ಮೇಲಿದೆ. ಅಜ್ಜಿ, ದಿನಕ್ಕೆ ಎಷ್ಟು ಜನರನ್ನು ಮುಟ್ಟುತ್ತಿದ್ದಿರೋ ನೀವು. ನಿಮಗದು ಬರೀ ಕೆಲಸವಾಗಿತ್ತು. ಒಮ್ಮೆ ನೀವು ಬಂದು ನನ್ನ ಕೈ ಮೇಲೆ ನಿಮ್ಮ ಕೈ ಇಟ್ಟಿದ್ದರೆ ಸಾಕಿತ್ತು ಅನ್ನಿಸುತ್ತದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಕೊಯ್ಯಲು ನನಗೆ ಎರಡೂ ಕೈ ಬೇಕು, ಇವಳು "ಕೈ ತೆಗಿಬೇಡ ಆಯಿ" ಎನ್ನುತ್ತಿದ್ದಾಳೆ. ಇಡುವುದು ಹೇಗೆಂದು ಪುಸ್ತಕದಲ್ಲಿ ಬರೆದಿದ್ದೀರಿ. ತೆಗೆಯುವುದು ಹೇಗೆಂದೂ ಬರೆದಿಡಿ.