ನಾಚಿಕೆ ಮುಳ್ಳಿನ ಪಾಠ

ಇಸಳೂರು,
೯ ಜನವರಿ ೨೦೨೬

ಮಗಾ ರಕ್ಷಿತಾ,

ನಿನ್ನ ಅವ್ವನ ಆಶೀರ್ವಾದ. ಹುಬ್ಬಳ್ಳಿ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ಅಂದ್ಕೊಳ್ತೆ. ಎರಡು ತಿಂಗಳಿಂದ ನಾನು ನಿನ್ನ ಫೋನು ಎತ್ತಲಿಲ್ಲ ಅಂತ ಬೇಜಾರಾಗಬೇಡ. ಫೋನಲ್ಲಾದ್ರೆ ನೀನು ನಡುವೆ ಬಾಯಿ ಹಾಕ್ತೀಯ. ಕಾಗದದಲ್ಲಿ ನಾನೊಬ್ಬಳೇ ಮಾತಾಡ್ಬಹುದು.

ಸುಜಯ ಹೆಗಡೇರ ತರಕಾರಿ ಗದ್ದೆಯಲ್ಲಿ ಹದಿನೆಂಟು ವರ್ಷ ಕಳೆ ಕಿತ್ತವಳು ನಾನು. ಔಷಧ ಹೊಡೆಯದ ಗದ್ದೆ, ಎಲ್ಲ ಕೈಯಲ್ಲೇ ಆಗ್ಬೇಕು. ದೀಪಾವಳಿ ಮುಗಿದದ್ದೇ ಕಳೆ ಕೀಳುವ ರೋಬೋಟ್ ಬಂತು, ನೀನು ಕೆಲಸ ಮಾಡೋ ಕಂಪನಿಯದ್ದೇ. ನನ್ನ ಹಣೆಗೆ ಕ್ಯಾಮರಾ ಕಟ್ಟಿದರು. "ವೆಂಕಮ್ಮ, ನೀನು ಕಿತ್ತದ್ದು ಕಳೆ, ಬಿಟ್ಟದ್ದು ಬೆಳೆ. ಅದು ನಿನ್ನ ನೋಡಿ ಕಲೀತದೆ. ಮೂರು ವಾರ ಕಲಿಸು, ಆಮೇಲೆ ಮನೆಯಲ್ಲಿ ಆರಾಮಿರು" ಅಂದ್ರು ಹೆಗಡೇರು. ಆರಾಮಂತೆ! ನಾನೇನು ಕೇಳಿದ್ನಾ?

ಮೊದಲ ದಿನ ಒಂದೆಲಗ ಕೀಳದೆ ಬಿಟ್ಟೆ. ಸಂಜೆ ತಂಬುಳಿಗೆ ಕೊಯ್ಕೊಂಡು ಹೋಗೋದು ನಮ್ಮ ರೂಢಿಯಲ್ವಾ? ಮರುದಿನ ಆ ಯಂತ್ರ ಒಂದೆಲಗದ ಸುತ್ತ ಎಷ್ಟು ಜೋಪಾನವಾಗಿ ಹೋಯ್ತು ಅಂದ್ರೆ, ನನಗೆ ನಗು ತಡೀಲಿಲ್ಲ. ಆವತ್ತಿಂದ ಮುಟ್ಟಿದ್ರೆ ಮುದುಡೋ ಆ ನಾಚಿಕೆ ಮುಳ್ಳನ್ನೂ ಬಿಟ್ಟೆ. ಬುಡಕ್ಕೆ ಮಣ್ಣೂ ಏರಿಸ್ದೆ. ಸಂಜೆ ಕ್ಯಾಮರಾ ಬಿಚ್ಚಿಟ್ಟ ಮೇಲೆ ಒಂದೊಂದೇ ಕಿತ್ತು ಬೇಲಿಯಾಚೆ ಎಸೀತಿದ್ದೆ. ಹೆಗಡೇರ ಕಣ್ಣಿಗೆ ಗದ್ದೆ ಚೊಕ್ಕಟ. ಮೂರು ವಾರ ಆದದ್ದೇ ನನ್ನ ಕೆಲಸದಿಂದ ಬಿಡಿಸಿದರು.

ಈಗ ಬಂದು ನೋಡಬೇಕು! ಮೂಲಂಗಿ ಸಾಲು ಮುಳ್ಳಲ್ಲಿ ಮುಚ್ಚಿಹೋಗಿದೆ. ಯಂತ್ರ ಅದನ್ನ ಮಗುವಿನ ಹಾಗೆ ಸಾಕ್ತಾ ಇದೆ. ನಿನ್ನೆ ಹೆಗಡೇರು ನಮ್ಮ ಜಗಲಿಗೇ ಬಂದರು. "ಒಮ್ಮೆ ಬಾರೆ ಮಾರಾಯ್ತಿ. ಔಷಧ ಹೊಡೆದ್ರೆ ನನ್ನ ಗಿರಾಕಿಗಳು ಉಳಿಯೋದಿಲ್ಲ" ಅಂದ್ರು. "ನಾನು ಆರಾಮಿದ್ದೇನೆ ಹೆಗಡೇರೇ" ಅಂದೆ. ಚಾ ಬೇಕಾ ಅಂತಲೂ ಕೇಳಲಿಲ್ಲ. ಹೊಟ್ಟೆ ತಣ್ಣಗಾಯ್ತು ಮಗಾ. ತಪ್ಪು ಮಾಡಿದೆ ಅಂತ ಒಂಚೂರೂ ಅನಿಸ್ಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾರಿಕಾಂಬೆ ನಿನ್ನ ಕಾಯಲಿ.

ಇಂತಿ ನಿನ್ನ ಅವ್ವ,
ವೆಂಕಮ್ಮ

ತಾ.ಕ.: ಹಣೆಗೆ ಕ್ಯಾಮರಾ ಕಟ್ಟುವಾಗಲೇ ಹೆಗಡೇರು ಹೇಳಿದ್ರು, ಕಂಪನಿಗೆ ನನ್ನ ಹೆಸರು ಕೊಟ್ಟವಳು ನೀನು ಅಂತ. "ನಮ್ಮವ್ವನ ಹಾಗೆ ಕಳೆ ಗುರುತು ಹಿಡಿಯೋರು ಈ ತಾಲೂಕಲ್ಲೇ ಇಲ್ಲ" ಅಂದಿದ್ದೆಯಂತೆ. ಆ ಮಾತು ನನ್ನೆದುರಿಗೆ ಒಂದು ದಿನ ಹೇಳಿದ್ಯಾ? ಯಂತ್ರ ಸರಿ ಮಾಡೋಕೆ ಸೋಮವಾರ ಕಂಪನಿಯವರು ನಿನ್ನನ್ನೇ ಕಳಿಸ್ತಾರಂತೆ. ಬಾ. ಮುಳ್ಳು ನೀನೇ ಕೈಯಲ್ಲಿ ಕೀಳ್ಬೇಕು. ನಾನು ಗದ್ದೆಯಂಚಿಗೆ ಕೂತು ನೋಡ್ತೆ.